ಗಾಳಿಗೆ ಹೋಗುವ ಕರೆಂಟು: ಕಂಪ್ರೆಸರ್‌ಗೆ ಮೂರು ಸೆನ್ಸರ್ ಹಾಕಿ ಲೆಕ್ಕ ಹಿಡಿಯುವ ಬಗೆ

ಪೀಣ್ಯವಾಗಲಿ, ಬೆಳಗಾವಿಯ ಉದ್ಯಮಬಾಗ್ ಆಗಲಿ, ಹುಬ್ಬಳ್ಳಿಯ ಗೋಕುಲ ರಸ್ತೆಯಾಗಲಿ, ಹತ್ತಿಪ್ಪತ್ತು ಸಿಎನ್‌ಸಿ ಮೆಷೀನುಗಳಿರುವ ಯಾವುದೇ ಶಾಪ್‌ನಲ್ಲಿ ಭಾನುವಾರ ಐದು ನಿಮಿಷ ಸುಮ್ಮನೆ ನಿಂತು ಕಿವಿಗೊಡಿ. ಮೆಷೀನುಗಳೆಲ್ಲ ಆಫ್. ಆದರೂ ಎಲ್ಲೋ ಒಂದು ಫಿಟ್ಟಿಂಗ್‌ನಿಂದ ‘ಸುಸ್’ ಎನ್ನುವ ಸದ್ದು ಬರುತ್ತಿರುತ್ತದೆ, ಹಿಂದಿನ ಶೆಡ್‌ನಲ್ಲಿ ಮೆಷೀನುಗಳಿಗೆ ಒತ್ತಡದ ಗಾಳಿ ಕೊಡುವ ಕಂಪ್ರೆಸರ್ ತನ್ನ ಪಾಡಿಗೆ ಲೋಡ್ ಆಗಿ (ಗಾಳಿ ತುಂಬಿ) ಅನ್‌ಲೋಡ್ ಆಗುತ್ತಿರುತ್ತದೆ (ತುಂಬದೆ ಸುಮ್ಮನೆ ತಿರುಗುತ್ತಿರುತ್ತದೆ). ಅದಕ್ಕೂ ಬಿಲ್ ಬರುತ್ತದೆ.

ಸೆನ್ಸರ್ ಹಾಕಿ ಕಾರ್ಖಾನೆ ಸುಧಾರಿಸಬೇಕು ಅನ್ನುವವರು ಕಂಪ್ರೆಸರ್‌ನಿಂದ ಶುರು ಮಾಡುವುದು ಒಳ್ಳೆಯದು. ಅದು ತಿನ್ನುವ ವಿದ್ಯುತ್ತಿನಲ್ಲಿ ಹೆಚ್ಚುಪಾಲು ಬಿಸಿಯಾಗಿ ಹೊರಗೆ ಹೋಗುತ್ತದೆ, ಗಾಳಿಯ ರೂಪದಲ್ಲಿ ಕೆಲಸಕ್ಕೆ ಸಿಗುವುದು ಶೇಕಡ 10–15 ಮಾತ್ರ. ಅಳೆಯಬೇಕಾದ್ದು ಕಡಿಮೆ, ಅಳತೆ ನೋಡಿದ ಮೇಲೆ ಏನು ಮಾಡಬೇಕೆಂಬುದು ಸ್ಪಷ್ಟ. ಇಪ್ಪತ್ತು ಮೆಷೀನಿಗೆ ಇಪ್ಪತ್ತು ಸೆನ್ಸರ್ ಹಾಕಿ ಗೋಡೆಗೊಂದು ದೊಡ್ಡ ಟಿವಿ ತೂಗುಹಾಕಿದ ಶಾಪ್‌ಗಳಲ್ಲಿ ಮೂರು ತಿಂಗಳ ಮೇಲೆ ಆ ಟಿವಿಯತ್ತ ತಿರುಗಿ ನೋಡುವವರು ಇರುವುದಿಲ್ಲ. ಉತ್ತರ ಸಿಕ್ಕರೆ ಯಾವ ವಾಲ್ವ್ ತಿರುಗಿಸಬೇಕು ಅಥವಾ ಯಾವ ಸ್ವಿಚ್ ಆರಿಸಬೇಕು ಅನ್ನುವುದು ಗೊತ್ತಿದ್ದರೆ ಮಾತ್ರ ಸೆನ್ಸರ್ ಕೊಳ್ಳಿ.

ಇಲ್ಲಿ ಉತ್ತರ ಬೇಕಿರುವುದು ಮೂರು ಪ್ರಶ್ನೆಗೆ. ಉತ್ಪಾದನೆ ಇಲ್ಲದಾಗ ಗಾಳಿ ಎಷ್ಟು ಸೋರುತ್ತಿದೆ? ಬೇಕಾದ್ದಕ್ಕಿಂತ ಹೆಚ್ಚು ಒತ್ತಡ ಇಟ್ಟಿದ್ದೇವೆಯೇ? ಅನ್‌ಲೋಡ್‌ನಲ್ಲಿ ಸುಮ್ಮನೆ ತಿರುಗುವಾಗ ಕಂಪ್ರೆಸರ್ ಎಷ್ಟು ತಿನ್ನುತ್ತದೆ? ಇದಕ್ಕೆ ಒಂದು ತ್ರೀ-ಫೇಸ್ ಎನರ್ಜಿ ಮೀಟರ್, ಎರಡು ಪ್ರೆಶರ್ ಟ್ರಾನ್ಸ್‌ಮಿಟರ್ (ಒತ್ತಡವನ್ನು ವಿದ್ಯುತ್ ಸಿಗ್ನಲ್ ಆಗಿ ಕೊಡುವ ಸೆನ್ಸರ್) ಸಾಕು. ಫ್ಲೋ ಮೀಟರ್ ಇದ್ದರೆ ಚೆನ್ನ, ಆದರೆ ಇವೆಲ್ಲವುಗಳಲ್ಲಿ ದುಬಾರಿ ಅದೇ. ಅದಿಲ್ಲದೆಯೂ ಗಾಳಿಯ ಪ್ರಮಾಣ ಲೆಕ್ಕ ಹಾಕುವ ದಾರಿಯನ್ನು ಮುಂದೆ ಹೇಳುತ್ತೇವೆ.

ಉದಾಹರಣೆಗೆ ಶಾಪ್‌ಗಳಲ್ಲಿ ಸಾಮಾನ್ಯವಾಗಿ ಕಾಣುವ ಒಂದು ಯಂತ್ರ ಇಟ್ಟುಕೊಳ್ಳೋಣ: 37 ಕಿಲೋವ್ಯಾಟ್, ಅಂದರೆ 50 ಎಚ್‌ಪಿ ಸ್ಕ್ರೂ ಕಂಪ್ರೆಸರ್, ಸ್ಟಾರ್-ಡೆಲ್ಟಾ ಸ್ಟಾರ್ಟರ್, ವಿಎಫ್‌ಡಿ (ಮೋಟಾರಿನ ವೇಗ ಬದಲಿಸುವ ಸಾಧನ) ಇಲ್ಲ, ನೇಮ್‌ಪ್ಲೇಟ್‌ನಲ್ಲಿ 230 ಸಿಎಫ್‌ಎಂ, ಅಂದರೆ ನಿಮಿಷಕ್ಕೆ 230 ಘನ ಅಡಿ ಗಾಳಿ. ಗಾಳಿ ಕೂಡಿಡಲು 1000 ಲೀಟರ್ ರಿಸೀವರ್ ಟ್ಯಾಂಕ್. 6.8 ಬಾರ್‌ಗೆ ಲೋಡ್, 7.5 ಬಾರ್‌ಗೆ ಅನ್‌ಲೋಡ್.

ಎನರ್ಜಿ ಮೀಟರ್ ಕೂರಿಸುವುದು

415 ವೋಲ್ಟ್‌ನಲ್ಲಿ 37 ಕಿಲೋವ್ಯಾಟ್ ಮೋಟಾರಿನ ಫುಲ್ ಲೋಡ್ ಕರೆಂಟ್ ಸುಮಾರು 66 ಆಂಪಿಯರ್. 100/5 ಸಿಟಿ (ಕೇಬಲ್‌ನ 100 ಆಂಪಿಯರನ್ನು ಮೀಟರಿಗಾಗಿ 5ಕ್ಕೆ ಇಳಿಸುವ ಕರೆಂಟ್ ಟ್ರಾನ್ಸ್‌ಫಾರ್ಮರ್) ಮೂರು, ಆರ್‌ಎಸ್-485 ತಂತಿಯ ಮೇಲೆ ಮಾಡ್‌ಬಸ್ ಎಂಬ ಭಾಷೆಯಲ್ಲಿ ರೀಡಿಂಗ್ ಕೊಡುವ ಮೀಟರ್ ಒಂದು. ಸಿಟಿಗಳನ್ನು ಕಂಪ್ರೆಸರ್‌ಗೆ ಬರುವ ಮುಖ್ಯ ಕೇಬಲ್‌ಗೇ ಹಾಕಬೇಕು. ಸ್ಟಾರ್ಟರ್ ದಾಟಿ ಮೋಟಾರಿಗೆ ಹೋಗುವ ಆರು ತಂತಿಗಳಲ್ಲಿ ಮೂರಕ್ಕೆ ಹಾಕಿದರೆ ಡೆಲ್ಟಾದಲ್ಲಿ ನಿಜವಾದ ಕರೆಂಟಿನ ಶೇಕಡ 58 ಮಾತ್ರ ಕಾಣುತ್ತದೆ, ಲೆಕ್ಕವೆಲ್ಲ ಅಷ್ಟಕ್ಕಷ್ಟೇ ಆಗುತ್ತದೆ. ಪ್ಯಾನೆಲ್ ಪೂರ್ತಿ ಆಫ್ ಮಾಡಿ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಯಿಂದಲೇ ಈ ಕೆಲಸ ಮಾಡಿಸಿ. ಕರೆಂಟ್ ಹರಿಯುತ್ತಿರುವಾಗ ಸಿಟಿಯ ಸೆಕೆಂಡರಿ ತಂತಿಯನ್ನು ತೆರೆದು ಬಿಡಲೇಬಾರದು. ಅಲ್ಲಿ ಎದ್ದೇಳುವ ವೋಲ್ಟೇಜ್ ಸಿಟಿಯನ್ನು ಸುಡುತ್ತದೆ, ಮನುಷ್ಯನನ್ನೂ ಬಿಡುವುದಿಲ್ಲ. ಮೀಟರ್ ಬಿಚ್ಚಬೇಕಾದರೆ ಮೊದಲು ಶಾರ್ಟಿಂಗ್ ಲಿಂಕ್ ಹಾಕಿಕೊಳ್ಳಬೇಕು.

ಕೇಬಲ್ ಬಿಚ್ಚುವುದು ಬೇಡವೆಂದು ಸ್ಪ್ಲಿಟ್-ಕೋರ್ ಸಿಟಿ ತಂದರೆ, ಬಾಯಿ ಪೂರ್ತಿ ಮುಚ್ಚಿ ‘ಟಕ್’ ಅಂದಿದೆಯೇ ನೋಡಿ. ಎರಡು ಅರ್ಧಗಳ ನಡುವೆ ಧೂಳಿನ ಒಂದು ಪದರ ಇದ್ದರೂ ರೀಡಿಂಗ್ ಕಡಿಮೆ ಬರುತ್ತದೆ.

ಹಾಕಿದ ಮೇಲೆ ಪರೀಕ್ಷೆ ಸುಲಭ. ಕಂಪ್ರೆಸರ್ ಲೋಡ್‌ನಲ್ಲಿರುವಾಗ ಮೂರು ಫೇಸ್‌ನ ಕರೆಂಟೂ ಹೆಚ್ಚುಕಡಿಮೆ ಸಮ ಇರಬೇಕು, ಪವರ್ ಫ್ಯಾಕ್ಟರ್ 0.85ರ ಆಚೀಚೆ, ಒಟ್ಟು 41 ಕಿಲೋವ್ಯಾಟ್ ಹತ್ತಿರ. 13–14 ತೋರಿಸಿದರೆ ಒಂದು ಸಿಟಿ ತಿರುಗುಮುರುಗು ಕೂತಿದೆ ಎಂದರ್ಥ: ಎರಡು ಫೇಸ್ ಕೂಡಿ, ಒಂದು ಕಳೆದು, ಮೂರನೇ ಒಂದು ಪಾಲು ಉಳಿದಿದೆ. ಆ ಫೇಸ್‌ನ ಸಿಟಿಯ ಸೆಕೆಂಡರಿ ತುದಿಗಳಾದ ಎಸ್1, ಎಸ್2 ಅದಲು ಬದಲು ಮಾಡಿದರೆ ಸರಿಹೋಗುತ್ತದೆ. ಇನ್ನೊಂದು ಮಾತು. ಟಾಂಗ್ ಟೆಸ್ಟರ್ ಹಿಡಿದು ಆಂಪಿಯರ್ ನೋಡಿ ಅನ್‌ಲೋಡ್ ಖರ್ಚು ಅಂದಾಜು ಮಾಡುವ ರೂಢಿ ಇದೆ. ಅನ್‌ಲೋಡ್‌ನಲ್ಲಿ ಪವರ್ ಫ್ಯಾಕ್ಟರ್ ಬಹಳ ಕುಸಿಯುವುದರಿಂದ ಆಂಪಿಯರ್ ಇಳಿದಷ್ಟಕ್ಕಿಂತ ಕಿಲೋವ್ಯಾಟ್ ಹೆಚ್ಚು ಇಳಿದಿರುತ್ತದೆ. ಆ ಅಂದಾಜು ನಂಬಬೇಡಿ.

ಪ್ರೆಶರ್ ಟ್ರಾನ್ಸ್‌ಮಿಟರ್ ಎಲ್ಲಿ, ಹೇಗೆ

0–10 ಬಾರ್, 4–20 ಮಿಲಿಆಂಪಿಯರ್, ಎರಡು ತಂತಿಯ ಟ್ರಾನ್ಸ್‌ಮಿಟರ್ ಎರಡು, ಒಂದೇ ಮಾಡೆಲ್. ಒಂದು ರಿಸೀವರ್ ಟ್ಯಾಂಕ್ ಮೇಲೆ, ಇನ್ನೊಂದು ಶಾಪ್‌ನ ಕಟ್ಟಕಡೆಯ ಮೆಷೀನಿನ ಎಫ್‌ಆರ್‌ಎಲ್‌ಗೆ (ಫಿಲ್ಟರ್-ರೆಗ್ಯುಲೇಟರ್-ಲೂಬ್ರಿಕೇಟರ್) ಗಾಳಿ ಒಳಹೋಗುವ ಬದಿಯಲ್ಲಿ. ಎಫ್‌ಆರ್‌ಎಲ್ ದಾಟಿದ ಮೇಲೆ ಹಾಕಿದರೆ ನೀವು ಅಳೆಯುವುದು ಲೈನನ್ನಲ್ಲ, ರೆಗ್ಯುಲೇಟರನ್ನು. ಪೈಪಿನ ಮೇಲ್ಭಾಗದಿಂದ ಟ್ಯಾಪಿಂಗ್ ತೆಗೆಯಿರಿ, ಕೆಳಗಿನಿಂದ ತೆಗೆದರೆ ನೀರು ತುಂಬುತ್ತದೆ. ಸೆನ್ಸರ್ ಮುಂದೆ ಒಂದು ಬಾಲ್ ವಾಲ್ವ್ ಇರಲಿ. ಕಂಪ್ರೆಸರ್ ಮೈಮೇಲೆ ನೇರ ಕೂರಿಸಿದರೆ ನಡುಕಕ್ಕೆ ತಂತಿಯ ಬೆಸುಗೆ ಬಿಡುತ್ತದೆ.

ಲೆಕ್ಕ ಹೀಗೆ: ಮಿಲಿಆಂಪಿಯರ್‌ನಲ್ಲಿ 4 ಕಳೆದು, 10ರಿಂದ ಗುಣಿಸಿ, 16ರಿಂದ ಭಾಗಿಸಿದರೆ ಬಾರ್. 12 ಮಿಲಿಆಂಪಿಯರ್ ಅಂದರೆ 5 ಬಾರ್. 3.6ಕ್ಕಿಂತ ಕಡಿಮೆ ಬಂದರೆ ಅದು ಒತ್ತಡವಲ್ಲ, ತಂತಿ ಕಡಿದಿದೆ ಅಥವಾ ಸೆನ್ಸರ್ ಕೆಟ್ಟಿದೆ. ಅದನ್ನು ಸೊನ್ನೆ ಬಾರ್ ಎಂದು ಬರೆದಿಡಬೇಡಿ, ‘ಡೇಟಾ ಇಲ್ಲ’ ಎಂದೇ ದಾಖಲಿಸಿ. ಇಲ್ಲದಿದ್ದರೆ ತಿಂಗಳ ಸರಾಸರಿ ಹಾಳಾಗುತ್ತದೆ.

ಶೇಕಡ 0.5 ನಿಖರತೆಯ ಸೆನ್ಸರ್ ಅಂದರೂ 0.05 ಬಾರ್ ಆಚೀಚೆ ಇರುತ್ತದೆ. ನಾವು ಹುಡುಕುವುದು 0.3, 0.4 ಬಾರ್ ವ್ಯತ್ಯಾಸ. ಹಾಗಾಗಿ ಕೂರಿಸುವ ಮುನ್ನ ಎರಡನ್ನೂ ಒಂದೇ ಜಾಗದಲ್ಲಿ ಟೀ ಫಿಟ್ಟಿಂಗ್ ಹಾಕಿ ಅರ್ಧ ಗಂಟೆ ಓಡಿಸಿ, ಎರಡರ ನಡುವಿನ ವ್ಯತ್ಯಾಸ ಬರೆದಿಟ್ಟುಕೊಂಡು ಮುಂದೆ ಕಳೆಯಿರಿ.

ತಂತಿ ಮತ್ತು ಗೇಟ್‌ವೇ

ಟ್ರಾನ್ಸ್‌ಮಿಟರ್‌ಗಳಿಗೆ 24 ವೋಲ್ಟ್ ಡಿಸಿ ಎಸ್‌ಎಂಪಿಎಸ್ (ಪವರ್ ಸಪ್ಲೈ), ಅವುಗಳ ಸಿಗ್ನಲ್ ಓದಲು ಮಾಡ್‌ಬಸ್ ಅನಲಾಗ್ ಮಾಡ್ಯೂಲ್. ಇವನ್ನೆಲ್ಲ ಕೇಳಿ ಓದಿ ದಾಖಲಿಸುವ ಸಣ್ಣ ಕಂಪ್ಯೂಟರೇ ಗೇಟ್‌ವೇ. ಕಟ್ಟಕಡೆಯ ಮೆಷೀನಿನ ಬಳಿ ಇನ್ನೊಂದು ಮಾಡ್ಯೂಲ್ ಇಟ್ಟು ಆರ್‌ಎಸ್-485 ಎಳೆಯಬಹುದು, ಅಥವಾ 4–20 ತಂತಿಯನ್ನೇ ಎಳೆಯಬಹುದು. ನೂರು ಮೀಟರಿನೊಳಗೆ ಎರಡನೆಯದೇ ಸರಳ. ಶೀಲ್ಡ್ ಇರುವ ಟ್ವಿಸ್ಟೆಡ್ ಪೇರ್ ಬಳಸಿ, ಶೀಲ್ಡನ್ನು ಒಂದು ತುದಿಯಲ್ಲಿ ಮಾತ್ರ ಅರ್ತ್ ಮಾಡಿ, ವಿಎಫ್‌ಡಿಯಿಂದ ಮೋಟಾರಿಗೆ ಹೋಗುವ ಕೇಬಲ್ ಪಕ್ಕದಲ್ಲೇ ಒಂದೇ ಟ್ರೇಯಲ್ಲಿ ಮಲಗಿಸಬೇಡಿ.

ಆರ್‌ಎಸ್-485 ಸರಪಳಿಯಂತೆ ಒಂದರಿಂದ ಒಂದಕ್ಕೆ ಹೋಗಬೇಕು, ಒಂದೇ ಜಾಗದಿಂದ ಕವಲೊಡೆದರೆ ಸಿಗ್ನಲ್ ಮರಳಿ ಬಡಿದು ಕೆಡುತ್ತದೆ. ಎರಡೂ ತುದಿಗೆ 120 ಓಮ್. ಉತ್ತರವೇ ಬರದಿದ್ದರೆ ಮೊದಲು ಎ, ಬಿ ತಂತಿ ಬದಲಿಸಿ ನೋಡಿ, ಏಕೆಂದರೆ ಯಾವುದು ಎ ಎಂಬುದರಲ್ಲಿ ತಯಾರಕರಿಗೇ ಒಮ್ಮತವಿಲ್ಲ. ಉತ್ತರ ಬಂದು ಸಂಖ್ಯೆ ಅಸಂಬದ್ಧವಾಗಿದ್ದರೆ ಕಾರಣ ಎರಡರಲ್ಲೊಂದು: ರಿಜಿಸ್ಟರ್ (ಮೀಟರಿನೊಳಗೆ ಒಂದೊಂದು ಅಂಕಿ ಕೂರುವ ಮನೆ) ಸಂಖ್ಯೆ ಒಂದು ಮನೆ ಆಚೀಚೆ ಆಗಿದೆ, ಅಥವಾ ಫ್ಲೋಟ್ ಸಂಖ್ಯೆಯ ಎರಡು ವರ್ಡ್ ಹಿಂದುಮುಂದಾಗಿವೆ. ಇದನ್ನು ಪತ್ತೆ ಮಾಡಲು ವೋಲ್ಟೇಜ್ ರಿಜಿಸ್ಟರ್‌ನಿಂದ ಶುರು ಮಾಡಿ. ಅಲ್ಲಿ 240ರ ಹತ್ತಿರ ಬರಬೇಕೆಂದು ನಿಮಗೆ ಮೊದಲೇ ಗೊತ್ತು. ರಿಜಿಸ್ಟರುಗಳನ್ನು ಒಂದೊಂದಾಗಿ ಕೇಳದೆ ಒಂದೇ ಸಲಕ್ಕೆ ಒಟ್ಟಾಗಿ ಓದಿ, 9600 ಬಾಡ್‌ನಲ್ಲೂ ಎಲ್ಲವೂ ಒಂದು ಸೆಕೆಂಡಿನೊಳಗೆ ಮುಗಿಯುತ್ತದೆ.

ಸೆಕೆಂಡಿಗೊಮ್ಮೆ ಓದುವುದು ಇಲ್ಲಿ ಹಟವಲ್ಲ, ಅಗತ್ಯ. ನಮ್ಮ ಉದಾಹರಣೆಯ ಕಂಪ್ರೆಸರ್ 37 ಸೆಕೆಂಡಿಗೊಮ್ಮೆ ಲೋಡ್-ಅನ್‌ಲೋಡ್ ಸುತ್ತು ಮುಗಿಸುತ್ತದೆ ಎಂದು ಮುಂದೆ ಕಾಣುವಿರಿ. ನಿಮಿಷಕ್ಕೊಮ್ಮೆ ಓದಿದರೆ ಆ ಸುತ್ತು ಎಂದಿಗೂ ಕಣ್ಣಿಗೆ ಬೀಳುವುದಿಲ್ಲ, ಏನೇನೋ ಏರಿಳಿತ ಕಾಣುತ್ತದೆ ಅಷ್ಟೆ.

ದಾಖಲಿಸಲು ನೋಡ್-ರೆಡ್ (ಓದುವುದಕ್ಕೆ), ಇನ್‌ಫ್ಲಕ್ಸ್‌ಡಿಬಿ (ಡೇಟಾಬೇಸ್), ಗ್ರಫಾನಾ (ಗ್ರಾಫ್ ತೋರಿಸುವುದಕ್ಕೆ) ಎಂಬ ಸಾಫ್ಟ್‌ವೇರ್ ಸಾಕು, ಮೂರಕ್ಕೂ ಹಣ ಕೊಡದೆ ಬಳಸುವ ಆವೃತ್ತಿ ಇದೆ. ಕ್ಲೌಡ್ ಇಲ್ಲದೆಯೂ ನಡೆಯುತ್ತದೆ. ರಾಸ್‌ಬೆರಿ ಪೈ ಬಳಸುವವರು ಎಸ್‌ಡಿ ಕಾರ್ಡ್ ನಂಬದೆ ಎಸ್‌ಎಸ್‌ಡಿ ಹಾಕಿ, ಸಣ್ಣ ಡಿಸಿ ಯುಪಿಎಸ್ ಕೊಡಿ. ಬರೆಯುತ್ತಿರುವಾಗ ಕರೆಂಟ್ ಹೋದರೆ ಕಾರ್ಡ್ ಸಾಯುತ್ತದೆ, ಇಂಡಸ್ಟ್ರಿಯಲ್ ಏರಿಯಾಗಳಲ್ಲಿ ಕರೆಂಟ್ ಹೋಗುವುದು ಹೊಸತೇನಲ್ಲ. ಯುನಿಟ್ ಲೆಕ್ಕಕ್ಕೆ ಕಿಲೋವ್ಯಾಟ್ ಕೂಡಿಸಬೇಡಿ, ಮೀಟರಿನೊಳಗೆ ಏರುತ್ತ ಹೋಗುವ ಕಿಲೋವ್ಯಾಟ್-ಅವರ್ ರಿಜಿಸ್ಟರನ್ನೇ ದಾಖಲಿಸಿ. ನಡುವೆ ಗೇಟ್‌ವೇ ಎರಡು ಗಂಟೆ ಸತ್ತರೂ ದಿನದ ಯುನಿಟ್ ತಪ್ಪುವುದಿಲ್ಲ. ಡೇಟಾಬೇಸ್ ಸಮಯವನ್ನು ಯುಟಿಸಿಯಲ್ಲಿ (ಭಾರತದ ಸಮಯಕ್ಕಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಸಮಯ) ಇಡುತ್ತದೆ. ದಿನದ ಮೊತ್ತ ಕೇಳುವಾಗ ಭಾರತದ ಸಮಯ ಎಂದು ಹೇಳದಿದ್ದರೆ ಅದು ಬೆಳಗಿನ 5.30ರಿಂದ ಮರುದಿನ 5.30ರವರೆಗೆ ಕೂಡುತ್ತದೆ, ಶಿಫ್ಟ್ ಲೆಕ್ಕ ತಾಳೆಯಾಗದೆ ವಾರಗಟ್ಟಲೆ ತಲೆಕೆಡಿಸಿಕೊಳ್ಳುವಿರಿ. ಒಂದು ಸೆಕೆಂಡಿನ ಡೇಟಾ 30 ದಿನ ಇಟ್ಟುಕೊಂಡು, ಹಳೆಯದನ್ನು ನಿಮಿಷದ ಸರಾಸರಿ, ಕನಿಷ್ಠ, ಗರಿಷ್ಠಕ್ಕೆ ಇಳಿಸಿ. ಸರಾಸರಿ ಮಾತ್ರ ಇಟ್ಟರೆ ಎರಡು ಸೆಕೆಂಡಿನ ಒತ್ತಡದ ಕುಸಿತ ಅಳಿಸಿಹೋಗುತ್ತದೆ.

ಗೇಟ್‌ವೇ ಓದಲಿ ಸಾಕು, ಕಂಪ್ರೆಸರ್ ಕಂಟ್ರೋಲರ್‌ಗೆ ಬರೆಯುವ ಅನುಮತಿ ಬೇಡ. ಡಿಫಾಲ್ಟ್ ಪಾಸ್‌ವರ್ಡ್ ಬದಲಿಸಿ, ರೂಟರ್‌ನಲ್ಲಿ ಪೋರ್ಟ್ ಫಾರ್ವರ್ಡ್ ಮಾಡಬೇಡಿ.

ಭಾನುವಾರದ ಪರೀಕ್ಷೆ

ಎಲ್ಲ ಮೆಷೀನುಗಳನ್ನು ಆಫ್ ಮಾಡಿ, ಆದರೆ ಅವುಗಳ ಗಾಳಿಯ ವಾಲ್ವ್ ತೆರೆದೇ ಇರಲಿ. ಅರ್ಧಕ್ಕರ್ಧ ಸೋರಿಕೆ ಮೆಷೀನಿನೊಳಗೇ ಇರುತ್ತದೆ, ವಾಲ್ವ್ ಮುಚ್ಚಿದರೆ ಅದು ಲೆಕ್ಕಕ್ಕೆ ಬರುವುದಿಲ್ಲ. ಕಂಪ್ರೆಸರ್ ಅರ್ಧ ಗಂಟೆ ಓಡಲಿ. ಕನಿಷ್ಠ ಹತ್ತು ಸುತ್ತು ಸಿಗಬೇಕು.

ಕಿಲೋವ್ಯಾಟ್ 35 ದಾಟಿದ್ದರೆ ಲೋಡ್, ಕೆಳಗಿದ್ದರೆ ಅನ್‌ಲೋಡ್ ಎಂದು ಗೆರೆ ಎಳೆಯಿರಿ. ಲೋಡ್ 11 ಸೆಕೆಂಡ್, ಅನ್‌ಲೋಡ್ 26 ಸೆಕೆಂಡ್ ಬಂತು ಅನ್ನಿ. 37ರಲ್ಲಿ 11 ಅಂದರೆ ಶೇಕಡ 30. 230 ಸಿಎಫ್‌ಎಂನಲ್ಲಿ ಶೇಕಡ 30 ಅಂದರೆ 69 ಸಿಎಫ್‌ಎಂ ಸುಮ್ಮನೆ ಸೋರುತ್ತಿದೆ. ಲಕ್ಷ್ಯ ಕೊಡದ ಶಾಪ್‌ಗಳಲ್ಲಿ ಶೇಕಡ 20–30 ಸಾಮಾನ್ಯ. ಶೇಕಡ 10ರೊಳಗೆ ತರುವುದು ಸಾಧ್ಯವಿರುವ ಗುರಿ.

ಇದನ್ನೇ ಒತ್ತಡದಿಂದ ತಾಳೆ ನೋಡಿ. ಟ್ಯಾಂಕ್ 1000 ಲೀಟರ್, ಎರಡು ಇಂಚಿನ ಪೈಪ್ ಮೀಟರಿಗೆ ಸುಮಾರು 2.2 ಲೀಟರಿನಂತೆ 90 ಮೀಟರಿಗೆ 200, ಒಟ್ಟು 1200 ಲೀಟರ್. ಅನ್‌ಲೋಡ್‌ನ 26 ಸೆಕೆಂಡಿನಲ್ಲಿ ಒತ್ತಡ 7.5ರಿಂದ 6.8ಕ್ಕೆ, ಅಂದರೆ 0.7 ಬಾರ್ ಇಳಿದಿದೆ. 1200 × 0.7 ÷ 26 = ಸೆಕೆಂಡಿಗೆ 32.3 ಲೀಟರ್. ಅದನ್ನು 2.12ರಿಂದ ಗುಣಿಸಿದರೆ 68.5 ಸಿಎಫ್‌ಎಂ. ಎರಡು ದಾರಿಯ ಉತ್ತರ ಹತ್ತಿರ ಬಂದರೆ ಅಳತೆ ಸರಿಯಿದೆ. ಮೊದಲ ಲೆಕ್ಕ ಬಹಳ ಹೆಚ್ಚು ತೋರಿಸಿದರೆ, ಕಂಪ್ರೆಸರ್ ನೇಮ್‌ಪ್ಲೇಟ್‌ನಲ್ಲಿ ಹೇಳಿದಷ್ಟು ಗಾಳಿ ಕೊಡುತ್ತಿಲ್ಲ. ಇನ್‌ಟೇಕ್ ಫಿಲ್ಟರ್ ಮೊದಲು ನೋಡಿ.

ಎರಡನೇ ಸೂತ್ರವೇ ನಿಮ್ಮ ಪುಕ್ಕಟೆ ಫ್ಲೋ ಮೀಟರ್. ಭಾನುವಾರಕ್ಕೆ ಕಾಯಬೇಕಿಲ್ಲ, ದಿನಾ ಊಟದ ವಿರಾಮದ ಅನ್‌ಲೋಡ್ ಇಳಿಜಾರನ್ನು ಗೇಟ್‌ವೇ ತಾನೇ ಲೆಕ್ಕ ಹಾಕಿ ಬರೆದಿಡಲಿ.

ಅನ್‌ಲೋಡ್‌ನ ಮೋಸ

ಸ್ಕ್ರೂ ಕಂಪ್ರೆಸರ್ ಅನ್‌ಲೋಡ್ ಆದಾಗ ಫುಲ್ ಲೋಡ್‌ನ ಶೇಕಡ 25–35 ತಿನ್ನುತ್ತದೆ ಎಂದು ಕೇಳಿರುತ್ತೀರಿ, 41ಕ್ಕೆ 12. ಆದರೆ ಗ್ರಾಫ್ ನೋಡಿ: 12ಕ್ಕೆ ಅದು ಒಂದೇ ಸಲ ಬೀಳುವುದಿಲ್ಲ. ಆಯಿಲ್ ಸಂಪ್‌ನಲ್ಲಿರುವ ಒತ್ತಡ ನಿಧಾನ ಹೊರಹೋಗಬೇಕು, ಅದಕ್ಕೆ 30–60 ಸೆಕೆಂಡ್ ಹಿಡಿಯುತ್ತದೆ. 26 ಸೆಕೆಂಡಿಗೆ ಮತ್ತೆ ಲೋಡ್ ಆಗುವ ಯಂತ್ರ 12 ಕಿಲೋವ್ಯಾಟ್ ಮುಟ್ಟುವುದೇ ಇಲ್ಲ. ಅನ್‌ಲೋಡ್‌ನ ಸರಾಸರಿ 20ರ ಹತ್ತಿರ ನಿಂತಿತು ಅನ್ನಿ. ಆಗ ಭಾನುವಾರದ ಒಟ್ಟು ಸರಾಸರಿ 0.3 × 41 ಮತ್ತು 0.7 × 20 ಕೂಡಿ 26.3 ಕಿಲೋವ್ಯಾಟ್. ಯಾರಿಗೂ ಬೇಡದ ಗಾಳಿಗೆ.

ಎರಡು ಪಾಳಿಯ ಶಾಪ್‌ನಲ್ಲಿ ರಾತ್ರಿ ಎಂಟು ಗಂಟೆ ಹೀಗೇ ಬಿಟ್ಟರೆ 210 ಯುನಿಟ್. ಯುನಿಟ್ಟಿಗೆ 8 ರೂಪಾಯಿ ಹಿಡಿದರೆ ರಾತ್ರಿಗೆ 1,680 ರೂಪಾಯಿ (ನಿಮ್ಮ ಬಿಲ್ಲಿನ ದರ ಹಾಕಿಕೊಳ್ಳಿ). ಇದನ್ನು ನಿಲ್ಲಿಸಲು ಸೆನ್ಸರ್ ಬೇಕಿಲ್ಲ, ಕೊನೆಗೆ ಹೋಗುವವರು ಕಂಪ್ರೆಸರ್ ಆರಿಸಿ ಟ್ಯಾಂಕಿನ ವಾಲ್ವ್ ಮುಚ್ಚಿದರೆ ಸಾಕು. ಆದರೆ ಅಂಕಿ ಕೈಯಲ್ಲಿಲ್ಲದಿದ್ದರೆ ಆ ಮಾತು ಯಾರೂ ಕೇಳುವುದಿಲ್ಲ.

ಸುತ್ತು ಚಿಕ್ಕದಾಗಿದ್ದರೆ ಔಷಧ ದೊಡ್ಡ ಟ್ಯಾಂಕ್. ಇನ್ನೂ 2000 ಲೀಟರ್ ಸೇರಿಸಿದರೆ ಅದೇ ಸೋರಿಕೆಯಲ್ಲಿ ಅನ್‌ಲೋಡ್ 69 ಸೆಕೆಂಡಿಗೆ ಹಿಗ್ಗುತ್ತದೆ, ಸಂಪ್ ಪೂರ್ತಿ ಖಾಲಿಯಾಗಲು ಸಮಯ ಸಿಗುತ್ತದೆ. ವಿಎಫ್‌ಡಿ ಕಂಪ್ರೆಸರ್ ಕೊಳ್ಳುವ ಯೋಚನೆಯಿದ್ದರೆ ಸೋರಿಕೆ ಮುಚ್ಚುವವರೆಗೆ ತಡೆಯಿರಿ. ಈಗಿನ ಡೇಟಾ ಹಿಡಿದು ಕೊಂಡರೆ ಸೋರಿಕೆಯನ್ನೂ ಸೇರಿಸಿ ದೊಡ್ಡ ಯಂತ್ರ ತಂದಂತಾಗುತ್ತದೆ.

ಒತ್ತಡ ಇಳಿಸುವುದು

7 ಬಾರ್ ಆಸುಪಾಸಿನಲ್ಲಿ ಒಂದು ಬಾರ್ ಇಳಿಸಿದರೆ ಶೇಕಡ 7ರಷ್ಟು ವಿದ್ಯುತ್ ಉಳಿಯುತ್ತದೆ. ಜೊತೆಗೆ ಎಲ್ಲ ತೂತುಗಳೂ ಕಡಿಮೆ ಸೋರುತ್ತವೆ. ಆದರೂ ಶಾಪ್‌ಗಳಲ್ಲಿ ಒತ್ತಡ ಏರುತ್ತಲೇ ಹೋಗುತ್ತದೆ, ಇಳಿಯುವುದಿಲ್ಲ. ಕಾರಣ ಸಾಮಾನ್ಯವಾಗಿ ಒಂದೇ ಮೆಷೀನು. ಕೊನೆಯಲ್ಲಿರುವ ವಿಎಂಸಿ (ವರ್ಟಿಕಲ್ ಮಷೀನಿಂಗ್ ಸೆಂಟರ್) ಟೂಲ್ ಚೇಂಜ್ ಮಾಡುವಾಗ ‘ಏರ್ ಪ್ರೆಶರ್ ಲೋ’ ಅಲಾರಂ ಕೊಡುತ್ತದೆ, ಆಪರೇಟರ್ ಬಂದು ಹೇಳುತ್ತಾರೆ, ಕಂಪ್ರೆಸರ್ ಸೆಟ್ಟಿಂಗ್ ಅರ್ಧ ಬಾರ್ ಮೇಲೆ ಹೋಗುತ್ತದೆ. ಒಂದು ಮೆಷೀನಿನ ಎರಡು ಸೆಕೆಂಡಿಗಾಗಿ ಇಡೀ ಶಾಪ್ ವರ್ಷಪೂರ್ತಿ ದಂಡ ಕಟ್ಟುತ್ತದೆ.

ಎರಡೂ ಪ್ರೆಶರ್ ಗೆರೆಗಳನ್ನು ಒಂದರ ಮೇಲೊಂದು ಇಟ್ಟು ನೋಡಿ. ನಡುವಿನ ಅಂತರ ಇಡೀ ದಿನ 0.6 ಬಾರ್ ಇದ್ದರೆ ದಾರಿಯಲ್ಲಿ ಏನೋ ಕಟ್ಟಿದೆ: ಲೈನ್ ಫಿಲ್ಟರ್, ಡ್ರೈಯರ್, ಅಥವಾ ಸಣ್ಣ ಪೈಪ್. ಫಿಲ್ಟರ್ ಎಲಿಮೆಂಟ್ ಬದಲಿಸಿ ಅದೇ ದಿನ ಅಂತರ ಎಷ್ಟು ಇಳಿಯಿತು ನೋಡಬಹುದು. ಅಂತರ ಕಡಿಮೆ ಇದ್ದು, ಆಗೊಮ್ಮೆ ಈಗೊಮ್ಮೆ ಕೊನೆಯ ಸೆನ್ಸರ್ ಮಾತ್ರ ಒಂದೆರಡು ಸೆಕೆಂಡ್ ಕುಸಿದರೆ ಅದು ಆ ಮೆಷೀನಿನದೇ ಹಸಿವು. ಅದರ ಪಕ್ಕದಲ್ಲಿ 100 ಲೀಟರಿನ ಸಣ್ಣ ಟ್ಯಾಂಕ್, ಅದರ ಮುಂದೊಂದು ನಾನ್-ರಿಟರ್ನ್ ವಾಲ್ವ್ ಹಾಕಿದರೆ ತೀರಿತು.

ಆಮೇಲೆ ಸೆಟ್ಟಿಂಗನ್ನು ಎರಡು ದಿನಕ್ಕೊಮ್ಮೆ 0.2 ಬಾರ್‌ನಂತೆ ಇಳಿಸುತ್ತ ಬನ್ನಿ. ಕೊನೆಯ ಸೆನ್ಸರಿನ ಕನಿಷ್ಠ ಒತ್ತಡ, ಮೆಷೀನ್ ಮ್ಯಾನುಯಲ್ ಕೇಳುವುದಕ್ಕಿಂತ 0.3 ಬಾರ್ ಮೇಲಿರುವಾಗಲೇ ನಿಲ್ಲಿಸಿ. ಇಳಿಸಿದ್ದನ್ನು ಆಪರೇಟರುಗಳಿಗೆ ಮೊದಲೇ ಹೇಳಿ, ಇಲ್ಲದಿದ್ದರೆ ಆ ವಾರದ ಎಲ್ಲ ರಿಜೆಕ್ಷನ್ನಿಗೂ ಗಾಳಿಯೇ ಕಾರಣವಾಗುತ್ತದೆ.

ಸೋರಿಕೆ ಬೇಟೆ

3 ಮಿಲಿಮೀಟರ್ ತೂತು 7 ಬಾರ್‌ನಲ್ಲಿ ಸೆಕೆಂಡಿಗೆ 10 ಲೀಟರ್ ಹತ್ತಿರ ಬಿಡುತ್ತದೆ, ಅಂದರೆ 20 ಸಿಎಫ್‌ಎಂ. ನಮ್ಮ ಉದಾಹರಣೆಯ 69 ಸಿಎಫ್‌ಎಂಗೆ ಅಂಥ ಮೂರು ನಾಲ್ಕು ತೂತು ಸಾಕು, ಆದರೆ ಸಾಮಾನ್ಯವಾಗಿ ಅದು ಮೂವತ್ತು ಸಣ್ಣ ಜಾಗಗಳಲ್ಲಿ ಹಂಚಿರುತ್ತದೆ. ಪುಶ್ ಫಿಟ್ಟಿಂಗ್‌ಗೆ ಓರೆಯಾಗಿ ಕತ್ತರಿಸಿ ತುರುಕಿದ ಪಿಯು ಪೈಪ್, ಎಫ್‌ಆರ್‌ಎಲ್ ಬೌಲ್‌ನ ಓ-ರಿಂಗ್, ಏರ್ ಗನ್‌ನ ಕ್ವಿಕ್ ಕಪ್ಲರ್, ಸವೆದ ಸಿಲಿಂಡರ್ ಸೀಲ್. ಸೋಪು ನೀರು ಮತ್ತು ಬ್ರಶ್ ಸಾಕು. ಶಾಪ್ ಓಡುತ್ತಿರುವಾಗ ಹುಡುಕಬೇಕಾದರೆ ಅಲ್ಟ್ರಾಸಾನಿಕ್ ಡಿಟೆಕ್ಟರ್ ಬೇಕು, ಅದು ಕಿವಿಗೆ ಕೇಳದ 40 ಕಿಲೋಹರ್ಟ್ಸ್ ಆಸುಪಾಸಿನ ಸದ್ದು ಹಿಡಿಯುತ್ತದೆ. ಸಿಕ್ಕ ಜಾಗಕ್ಕೆಲ್ಲ ನಂಬರ್ ಟ್ಯಾಗ್ ಕಟ್ಟಿ. ಬಿಚ್ಚುವ ಮುನ್ನ ಆ ಭಾಗದ ಗಾಳಿ ಪೂರ್ತಿ ಹೊರಬಿಡಿ.

ಕೂಡಿದ ನೀರನ್ನು ಆಗಾಗ ತಾನೇ ಹೊರಬಿಡುವ ಟೈಮರ್ ಡ್ರೈನ್ ವಾಲ್ವನ್ನು ಮರೆಯಬೇಡಿ. ಗ್ರಾಫ್‌ನಲ್ಲಿ ಗಡಿಯಾರ ಹೊಡೆದಂತೆ ಸಮ ಅಂತರದಲ್ಲಿ ಇಳಿಜಾರು ಕಡಿದಾಗುತ್ತಿದ್ದರೆ ಅದು ಡ್ರೈನ್. ನೀರಿಲ್ಲದ ಬೇಸಿಗೆಯಲ್ಲೂ ಮಳೆಗಾಲದ ಸೆಟ್ಟಿಂಗ್‌ನಲ್ಲೇ ತೆರೆದುಕೊಳ್ಳುತ್ತಿರುತ್ತದೆ. ಇಳಿಜಾರು ಒಮ್ಮೆ ಕಡಿದಾಗಿ ಮತ್ತೆ ಸರಿಹೋಗದಿದ್ದರೆ ಕಸ ಸಿಕ್ಕಿ ವಾಲ್ವ್ ತೆರೆದೇ ನಿಂತಿದೆ.

ಪ್ರತಿ ಮೆಷೀನಿಗೆ ಗಾಳಿಯ ಸೊಲೆನಾಯ್ಡ್ (ವಿದ್ಯುತ್ತಿನಿಂದ ತೆರೆದು ಮುಚ್ಚುವ ವಾಲ್ವ್) ಹಾಕಿ ಮೆಷೀನ್ ಆಫ್ ಆದಾಗ ಮುಚ್ಚುವಂತೆ ಮಾಡುವುದು ಒಳ್ಳೆಯ ಉಪಾಯ, ಆದರೆ ಕಣ್ಣುಮುಚ್ಚಿ ಮಾಡಬೇಡಿ. ಕೆಲವು ಸ್ಪಿಂಡಲ್‌ಗಳಿಗೆ ನಿಂತ ಮೇಲೂ ಸ್ವಲ್ಪ ಹೊತ್ತು ಪರ್ಜ್ ಗಾಳಿ ಬೇಕು, ಕೆಲವು ಕಡೆ ಕ್ಲ್ಯಾಂಪ್ ಗಾಳಿಯ ಮೇಲೆಯೇ ನಿಂತಿರುತ್ತದೆ. ಮ್ಯಾನುಯಲ್ ನೋಡಿ ಡಿಲೇ ಇಡಿ.

ಶೇಕಡ 30 ಇದ್ದದ್ದು 10ಕ್ಕೆ ಬಂದರೆ ನಮ್ಮ ಉದಾಹರಣೆಯಲ್ಲಿ ಅನ್‌ಲೋಡ್ 77 ಸೆಕೆಂಡ್ ಆಗುತ್ತದೆ, ಅದರ ಸರಾಸರಿ 15ಕ್ಕೆ ಇಳಿದರೆ ಒಟ್ಟು 26.3 ಇದ್ದದ್ದು 17.6 ಕಿಲೋವ್ಯಾಟ್. ಮೂರನೇ ಎರಡು ಪಾಲು ಸೋರಿಕೆ ನಿಂತರೂ ಖರ್ಚು ಮೂರನೇ ಒಂದು ಪಾಲಷ್ಟೇ ಇಳಿಯಿತು, ಏಕೆಂದರೆ ಉಳಿದದ್ದು ಸುಮ್ಮನೆ ತಿರುಗುವ ಮೋಟಾರಿನದು. ಹಾಗಾಗಿ ಕಂಟ್ರೋಲರ್‌ನಲ್ಲಿ ಹತ್ತು ನಿಮಿಷ ಅನ್‌ಲೋಡ್ ಇದ್ದರೆ ತಾನೇ ನಿಲ್ಲುವ ಆಯ್ಕೆಯನ್ನೂ ಆನ್ ಮಾಡಿ. ಸುತ್ತು ಹತ್ತು ನಿಮಿಷ ದಾಟುವಷ್ಟು ಸೋರಿಕೆ ಇಳಿದಾಗಲೇ, ಅಥವಾ ರಾತ್ರಿ ಟ್ಯಾಂಕ್ ವಾಲ್ವ್ ಮುಚ್ಚಿದಾಗ, ಅದು ಕೆಲಸಕ್ಕೆ ಬರುತ್ತದೆ. ಅವಧಿ ತೀರಾ ಕಡಿಮೆ ಇಟ್ಟರೆ ಗಂಟೆಗೆ ಹತ್ತಾರು ಸಲ ಸ್ಟಾರ್ಟ್ ಆಗಿ ಮೋಟಾರ್ ಬೇಯುತ್ತದೆ.

ಅಲಾರಂ ನಾಲ್ಕೇ ಇರಲಿ

ಶಿಫ್ಟ್ ಇಲ್ಲದ ಹೊತ್ತಿನಲ್ಲಿ 15 ನಿಮಿಷ ಸತತವಾಗಿ 5 ಕಿಲೋವ್ಯಾಟ್ ದಾಟಿದರೆ ಒಂದು. ಶಿಫ್ಟ್ ನಡುವೆ ಕೊನೆಯ ಸೆನ್ಸರ್ ಮೂರು ಸೆಕೆಂಡ್ ಕಾಲ ಮೆಷೀನಿನ ಕನಿಷ್ಠಕ್ಕಿಂತ ಕೆಳಗಿದ್ದರೆ ಇನ್ನೊಂದು. ಊಟದ ವಿರಾಮದ ಸೋರಿಕೆ ಮೂರು ದಿನ ಸತತವಾಗಿ ಹಳೆಯ ಮಟ್ಟಕ್ಕಿಂತ 10 ಸಿಎಫ್‌ಎಂ ಹೆಚ್ಚಿದ್ದರೆ ಮತ್ತೊಂದು. ಐದು ನಿಮಿಷ ಡೇಟಾವೇ ಬರದಿದ್ದರೆ ಕೊನೆಯದು. ಇದು ಎಲ್ಲಕ್ಕಿಂತ ಮುಖ್ಯ, ಸತ್ತ ಸೆನ್ಸರ್ ಎಂದೂ ದೂರು ಹೇಳುವುದಿಲ್ಲ. ಮೆಸೇಜ್ ಶಿಫ್ಟ್ ಸೂಪರ್‌ವೈಸರ್ ಫೋನಿಗೆ ಹೋಗಲಿ, ಅದರಲ್ಲಿ ಅಂಕಿಯ ಜೊತೆ ಮಾಡಬೇಕಾದ ಕೆಲಸವೂ ಇರಲಿ: ‘ಕಂಪ್ರೆಸರ್ ಆರಿಸಿ, ಟ್ಯಾಂಕ್ ವಾಲ್ವ್ ಮುಚ್ಚಿ.’

ತಿಂಗಳಿಗೊಮ್ಮೆ ಇನ್ನೊಂದು ಅಂಕಿ ನೋಡಿ: ಲೋಡ್‌ನಲ್ಲಿರುವಾಗ ಟ್ಯಾಂಕ್ ಸರಿಯಾಗಿ 7.0 ಬಾರ್ ಇದ್ದ ಕ್ಷಣದ ಕಿಲೋವ್ಯಾಟ್. ಒತ್ತಡ ಅದೇ ಇದ್ದು ಈ ಅಂಕಿ ಮಾತ್ರ ತಿಂಗಳಿಂದ ತಿಂಗಳಿಗೆ ಏರುತ್ತಿದ್ದರೆ ಆಯಿಲ್ ಸೆಪರೇಟರ್ (ಗಾಳಿಯಿಂದ ಎಣ್ಣೆ ಬೇರ್ಪಡಿಸುವ ಭಾಗ) ಕಟ್ಟುತ್ತಿದೆ. ಸೆಪರೇಟರ್ ಆಚೀಚೆಯ ಒತ್ತಡದ ವ್ಯತ್ಯಾಸ 0.8–1 ಬಾರ್ ಆಗುವ ಹೊತ್ತಿಗೆ ಬದಲಿಸಿರಬೇಕು. ಸರ್ವಿಸ್‌ನವರು ‘ಇನ್ನೂ ಐನೂರು ಗಂಟೆ ಓಡುತ್ತದೆ’ ಅಂದಾಗ ಈ ಗ್ರಾಫ್ ತೆಗೆದು ತೋರಿಸಿ.